ಪ್ರೆಸ್ ಶಾಪ್ ಬಿಟ್ಟು ಒಂದು ವರ್ಷ ಸೇಫ್ಟಿ ಡಿಪ್ಲೊಮಾ ಓದಬೇಕು ಅಂತಿದ್ದೇನೆ, ದಾರಿ ಹೇಳಿ

ಪ್ರೆಸ್‌ಶಾಪ್ ಹುಡುಗ · ಭಾನುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಊರು ಅರಸೀಕೆರೆ ಕಡೆ, ಕೆಲಸ ಬೆಂಗಳೂರಿನಲ್ಲಿ. ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ. ಒಂಬತ್ತು ವರ್ಷ ಆಯ್ತು. ಮೊದಲು ಪ್ರೆಸ್ ಮೇಲೆ, ಅಂದರೆ ಲೋಹದ ತಗಡು ಒತ್ತಿ ಕತ್ತರಿಸುವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದೆ, ಈಗ ಶಿಫ್ಟ್ ಸೂಪರ್‌ವೈಸರ್.

ಎಂಟು ತಿಂಗಳ ಹಿಂದೆ ನನ್ನ ಶಿಫ್ಟಿನಲ್ಲೇ ಒಬ್ಬ ಹುಡುಗನ ಎರಡು ಬೆರಳು ಹೋದವು. ಪ್ರೆಸ್ಸಿನ ಮುಂದೆ ಲೈಟ್ ಕರ್ಟನ್, ಅಂದರೆ ಬೆಳಕಿನ ಕಿರಣಗಳ ಪರದೆ ಇತ್ತು. ಕೈ ಅಡ್ಡ ಬಂದರೆ ಮಷಿನ್ ನಿಲ್ಲಬೇಕು. ಅವತ್ತು ಅದನ್ನು ಬೈಪಾಸ್ ಮಾಡಿ, ಕೆಲಸ ಮಾಡದ ಹಾಗೆ ಇಟ್ಟಿದ್ದರು. ತನಿಖೆ ವರದಿಯಲ್ಲಿ 'ಆಪರೇಟರ್ ನಿರ್ಲಕ್ಷ್ಯ' ಅಂತ ಬರೆದರು. ಅದರ ಕೆಳಗೆ ನನ್ನ ಸಹಿಯೂ ಇದೆ. ಆ ಹುಡುಗ ಈಗ ಸ್ಟೋರ್ಸ್‌ನಲ್ಲಿದ್ದಾನೆ. ದಿನಾ ನೋಡುತ್ತೇನೆ. ಅವನು ನನ್ನ ಮೇಲೆ ಒಂದು ಮಾತೂ ಆಡಿಲ್ಲ.

ಅವತ್ತಿನಿಂದ ಸೇಫ್ಟಿ ಕಡೆಗೇ ಹೋಗಬೇಕು ಅಂತ ಮನಸ್ಸಾಗಿದೆ. ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಂದು ಸಂಸ್ಥೆಯವರು ವಾರಕ್ಕೆ ಮೂರು ಸಲ ಫೋನ್ ಮಾಡುತ್ತಾರೆ. ಆರು ತಿಂಗಳು, ಭಾನುವಾರ ಮಾತ್ರ ಕ್ಲಾಸ್, 'ಅಂತಾರಾಷ್ಟ್ರೀಯ ಡಿಪ್ಲೊಮಾ' ಅಂತೆ. ಇನ್ನೊಬ್ಬರು ನೆಬಾಷ್ ಅನ್ನೋ ಬ್ರಿಟನ್ನಿನ ಸೇಫ್ಟಿ ಪರೀಕ್ಷೆ ಮಾಡು ಅನ್ನುತ್ತಾರೆ. ಮತ್ತೊಬ್ಬರು ಮುಂಬೈಗೋ ಚೆನ್ನೈಗೋ ಹೋಗಿ ಒಂದು ವರ್ಷ ಕೂತು ಓದಬೇಕು ಅನ್ನುತ್ತಾರೆ. ಮನೆಯಲ್ಲಿ ಹೆಂಡತಿ, ಮೂರು ವರ್ಷದ ಮಗಳು. ಒಂದು ವರ್ಷದ ಸಂಬಳ ಬಿಡೋದು ಸುಲಭ ಅಲ್ಲ. ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

ಬೈಕಂಪಾಡಿ ಹಳಬ · ಭಾನುವಾರ ರಾತ್ರಿ 10:35

ತಮ್ಮಾ, ಮೊದಲು ಆ ಫೋನ್ ಮಾಡುವವರಿಗೆ ದುಡ್ಡು ಕಟ್ಟಬೇಡ. ಉಳಿದದ್ದು ಆಮೇಲೆ ಮಾತಾಡುವ.

ನಾನು ಮಂಗಳೂರು ಕಡೆ ರಾಸಾಯನಿಕ ಕಾರ್ಖಾನೆಯಲ್ಲಿ 22 ವರ್ಷ ಸೇಫ್ಟಿ ಆಫೀಸರ್ ಆಗಿದ್ದವನು. ಈಗ ನಿವೃತ್ತ. ಈ ಕೆಲಸದಲ್ಲಿ ಎರಡು ಥರದ ಸರ್ಟಿಫಿಕೇಟ್ ಇವೆ. ಕಾನೂನು ಒಪ್ಪುವಂಥದ್ದು ಒಂದು, ಮಾರುಕಟ್ಟೆ ಒಪ್ಪುವಂಥದ್ದು ಇನ್ನೊಂದು. ಈ ವ್ಯತ್ಯಾಸ ಯಾರೂ ಹೇಳುವುದಿಲ್ಲ. ಹುಡುಗರು ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಹುದ್ದೆ ಬಂದದ್ದು 1948ರ ಕಾರ್ಖಾನೆಗಳ ಕಾಯ್ದೆಯ 40ಬಿ ಕಲಮಿನಿಂದ. ಆ ಕಾಯ್ದೆಯಲ್ಲಿ ಸಾವಿರ ಅಥವಾ ಹೆಚ್ಚು ಜನ ಇದ್ದರೆ ಬೇಕೇ ಬೇಕಿತ್ತು. ಅಪಾಯದ ಕೆಲಸ ಇರುವ ಕಡೆ ಸರ್ಕಾರ ಹೇಳಿದರೂ ಬೇಕಿತ್ತು. ಅರ್ಹತೆ ಏನು ಅಂದರೆ, ಎಂಜಿನಿಯರಿಂಗ್ ಡಿಗ್ರಿ ಇದ್ದರೆ ಕಾರ್ಖಾನೆಯಲ್ಲಿ ಎರಡು ವರ್ಷ ಸೂಪರ್‌ವೈಸರ್ ಮಟ್ಟದ ಅನುಭವ. ನಿನ್ನ ಹಾಗೆ ಡಿಪ್ಲೊಮಾ ಇದ್ದರೆ ಐದು ವರ್ಷ. ಭೌತಶಾಸ್ತ್ರ, ರಸಾಯನಶಾಸ್ತ್ರದ ಡಿಗ್ರಿಯವರಿಗೂ ಐದು ವರ್ಷ. ಇದರ ಮೇಲೆ ರಾಜ್ಯ ಸರ್ಕಾರ ಒಪ್ಪಿದ ಇಂಡಸ್ಟ್ರಿಯಲ್ ಸೇಫ್ಟಿ ಡಿಗ್ರಿ ಅಥವಾ ಡಿಪ್ಲೊಮಾ. ಜೊತೆಗೆ ಅಲ್ಲಿನ ಹೆಚ್ಚಿನ ಕೆಲಸಗಾರರು ಆಡುವ ಭಾಷೆ ಬರಬೇಕು. ಈ ಕೊನೆಯದನ್ನು ಬಹಳ ಜನ ಓದುವುದೇ ಇಲ್ಲ. ನನಗೆ ಕೇಳಿದರೆ ಅದೇ ಮೊದಲು ಬರಬೇಕಿತ್ತು.

ಈಗ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಅಂತ. 2020ರಲ್ಲಿ ಪಾಸಾಗಿ 2025ರ ನವೆಂಬರ್ 21ರಿಂದ ಜಾರಿ. ಎಷ್ಟು ಕೆಲಸಗಾರರಿದ್ದರೆ ಸೇಫ್ಟಿ ಆಫೀಸರ್ ಬೇಕು ಅನ್ನುವ ಸಂಖ್ಯೆ ಅದರಲ್ಲಿ ಕೆಳಗಿಳಿದಿದೆ. ಕಾರ್ಖಾನೆಗೆ 500, ಅಪಾಯದ ಪ್ರಕ್ರಿಯೆ ಇದ್ದರೆ 250, ಕಟ್ಟಡ ಕೆಲಸಕ್ಕೆ 250, ಗಣಿಗೆ 100. ಅಂದರೆ ಮೊದಲು ಬೇಡ ಅಂತಿದ್ದ ಎಷ್ಟೋ ಕಡೆ ಈಗ ಜನ ಬೇಕು. ನಿನ್ನ ಲೆಕ್ಕಾಚಾರಕ್ಕೆ ಇದು ಒಳ್ಳೆಯ ಸುದ್ದಿ.

ಓದುವ ಜಾಗ. ಕೇಂದ್ರ ಕಾರ್ಮಿಕ ಇಲಾಖೆಯ ಕೆಳಗೆ ಮುಂಬೈನ ಸಯನ್‌ನಲ್ಲಿ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್ ಇದೆ. ಚೆನ್ನೈ, ಕಾನ್ಪುರ, ಕೋಲ್ಕತ್ತಾ, ಫರೀದಾಬಾದ್‌ಗಳಲ್ಲಿ ಪ್ರಾದೇಶಿಕ ಸಂಸ್ಥೆಗಳಿವೆ. ಅಲ್ಲಿ ಒಂದು ವರ್ಷದ ಅಡ್ವಾನ್ಸ್‌ಡ್ ಡಿಪ್ಲೊಮಾ ಇನ್ ಇಂಡಸ್ಟ್ರಿಯಲ್ ಸೇಫ್ಟಿ ಮಾಡಬಹುದು. ನಾವೆಲ್ಲ 'ಎಡಿಐಎಸ್' ಅಂತ ಕರೆಯುತ್ತೇವೆ. ಬೇರೆ ಎಲ್ಲೇ ಸೇರುವುದಾದರೂ, ಸೇರುವ ಮೊದಲು ನಮ್ಮ ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ಬರೆದು ಕೇಳು. 'ಈ ಡಿಪ್ಲೊಮಾ ಒಪ್ಪಿತವೇ?' ಅಂತ. ಉತ್ತರ ಕಾಗದದಲ್ಲಿ ಬರಲಿ. ಬಾಯಿ ಮಾತು ಬೇಡ.

ಇನ್ನೊಂದು ಇವತ್ತೇ ನೋಡು. ನಿನ್ನ ಅನುಭವ ಪತ್ರದಲ್ಲಿ ಏನು ಬರೆದಿದ್ದಾರೆ? 'ಸೂಪರ್‌ವೈಸರ್' ಅಂತ ಇದೆಯಾ, 'ಸೀನಿಯರ್ ಆಪರೇಟರ್' ಅಂತ ಇದೆಯಾ?

ಕಂಬಿ ಕೆಲಸದವ · ಸೋಮವಾರ ಬೆಳಿಗ್ಗೆ 6:15

ಹಳಬ ಸರ್ ಹೇಳಿದ್ದು ನೂರಕ್ಕೆ ನೂರು ಸತ್ಯ. ನನ್ನ ಕತೆ ಕೇಳಿ.

ಪಿಯುಸಿ ಆದ ಮೇಲೆ 'ಫೈರ್ ಅಂಡ್ ಸೇಫ್ಟಿ ಡಿಪ್ಲೊಮಾ' ಅಂತ ಒಂದು ಕಡೆ ಸೇರಿದೆ. ಅಪ್ಪ ಎರಡು ಎಮ್ಮೆ ಮಾರಿ ಫೀಸ್ ಕಟ್ಟಿದ. ಸಮವಸ್ತ್ರ, ಬೂಟು, ಪರೇಡ್ ಎಲ್ಲ ಇತ್ತು. ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಫೋಟೋ ತೆಗೆದರು. ಖಂಡಿತ ಕೆಲಸ ಕೊಡಿಸುತ್ತೇವೆ ಅಂದಿದ್ದರು. ಸಿಕ್ಕಿದ್ದು ಕಟ್ಟಡದ ಸೈಟಿನಲ್ಲಿ ಸೇಫ್ಟಿ ಸ್ಟೀವರ್ಡ್ ಕೆಲಸ. ಬೆಳಿಗ್ಗೆ ಹೆಲ್ಮೆಟ್ ಎಣಿಸು, ಸಂಜೆ ಎತ್ತರದಿಂದ ಬೀಳದಂತೆ ಕಟ್ಟಿಕೊಳ್ಳುವ ಹಾರ್ನೆಸ್ ಎಣಿಸು. ಆರು ವರ್ಷ ಅದೇ ಆಯ್ತು. ಕೆಲಸ ಚೆನ್ನಾಗಿ ಮಾಡಿದ್ದೀಯ, ಆಫೀಸರ್ ಮಾಡೋಣ ಅಂತ ಪ್ರಾಜೆಕ್ಟ್ ಮ್ಯಾನೇಜರ್ ಒಂದು ದಿನ ಕಾಗದ ಕೇಳಿದರು. ನೋಡಿ ವಾಪಸ್ ಕೊಟ್ಟರು. ನನ್ನ ಡಿಪ್ಲೊಮಾ ಲೆಕ್ಕಕ್ಕೆ ಬರಲಿಲ್ಲ. ಕೆಳಗೆ ಎಂಜಿನಿಯರಿಂಗೂ ಇಲ್ಲ, ಡಿಗ್ರಿಯೂ ಇಲ್ಲ.

ಈಗ ಸಂಜೆ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಓದುತ್ತಿದ್ದೇನೆ. ಇಪ್ಪತ್ತೆಂಟು ವಯಸ್ಸು. ಕ್ಲಾಸಿನಲ್ಲಿ ನಾನೇ ದೊಡ್ಡವನು. ಅಣ್ಣಾ, ನಿಮ್ಮ ಕೈಯಲ್ಲಿ ಬುನಾದಿ ಇದೆ. ಅದರ ಮೇಲೆ ಸರಿಯಾದ ಇಟ್ಟಿಗೆ ಇಡಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ತಮ್ಮ ತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಬೆಂಕಿ ನಂದಿಸುವ ಕೆಲಸವೇ ಬೇಕು ಅಂದರೆ ಅದಕ್ಕೆ ಬೇರೆ ದಾರಿ ಇದೆ. ನಾಗಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. ಕಾರ್ಖಾನೆ ಸೇಫ್ಟಿ ಅಂದರೆ ಮೊದಲು ಪಾಲಿಟೆಕ್ನಿಕ್ಕೋ ಬಿ.ಎಸ್ಸಿಯೋ ಮುಗಿಸಿ. ಎರಡನ್ನೂ ಒಂದೇ ಬೋರ್ಡಿನಲ್ಲಿ ಬರೆದವರನ್ನು ನಂಬಬೇಡಿ.

ಜುಬೈಲ್‌ನಿಂದ · ಸೋಮವಾರ ಮಧ್ಯಾಹ್ನ 1:20

ನಾನು ಭಟ್ಕಳದವನು. ಸೌದಿಯಲ್ಲಿ 11 ವರ್ಷ. ರಿಫೈನರಿಯನ್ನು ರಿಪೇರಿಗೆ ನಿಲ್ಲಿಸುವ ಶಟ್‌ಡೌನ್ ಕೆಲಸಗಳಲ್ಲಿ ಸೇಫ್ಟಿ.

ನೆಬಾಷ್ ಬಗ್ಗೆ ಹೇಳುತ್ತೇನೆ. ಅದು ಬ್ರಿಟನ್ನಿನ ಪರೀಕ್ಷಾ ಮಂಡಳಿ, 1979ರಲ್ಲಿ ಶುರುವಾದದ್ದು. ಗಲ್ಫ್‌ಗೆ ಬರುವವರು ಹೆಚ್ಚಾಗಿ ಮಾಡುವುದು ಇಂಟರ್‌ನ್ಯಾಷನಲ್ ಜನರಲ್ ಸರ್ಟಿಫಿಕೇಟ್. ಎರಡು ಭಾಗ. ಒಂದರಲ್ಲಿ ಒಂದು ಕೆಲಸದ ಜಾಗದ ಸನ್ನಿವೇಶ ಕೊಟ್ಟು ಪ್ರಶ್ನೆ ಕೇಳುತ್ತಾರೆ, ಪುಸ್ತಕ ನೋಡಿಕೊಂಡೇ ಬರೆಯಬಹುದು. ಪುಸ್ತಕ ತೆರೆದಿದ್ದರೆ ಸುಲಭ ಅಂದುಕೊಂಡವರೇ ಜಾಸ್ತಿ ಫೇಲ್ ಆಗಿದ್ದನ್ನು ಕಂಡಿದ್ದೇನೆ. ಸನ್ನಿವೇಶದ ಒಳಗಿನಿಂದ ಉತ್ತರ ತೆಗೆಯಬೇಕು, ಪಠ್ಯವನ್ನು ಇಳಿಸಿದರೆ ಅಂಕ ಇಲ್ಲ. ಇನ್ನೊಂದು ಭಾಗ ನಿಮ್ಮದೇ ಕೆಲಸದ ಜಾಗದ ಅಪಾಯಗಳನ್ನು ಪಟ್ಟಿ ಮಾಡಿ, ಏನು ಮಾಡಬೇಕು ಅಂತ ಬರೆಯುವುದು.

ಇಲ್ಲಿ ಸಿ.ವಿ. ಮುಂದೆ ಹೋಗಬೇಕು ಅಂದರೆ ಅದು ಬೇಕು. ಆದರೆ ಊರಿನ ಕಾರ್ಖಾನೆಯಲ್ಲಿ ಕಾನೂನಿನ ಸೇಫ್ಟಿ ಆಫೀಸರ್ ಆಗಲು ಅದೊಂದೇ ಇದ್ದರೆ ಆಗುವುದಿಲ್ಲ. ನನ್ನ ಜೊತೆ ಇದ್ದ ಇಬ್ಬರು ಗಲ್ಫ್ ಬಿಟ್ಟು ಊರಿಗೆ ಹೋದರು. ಹತ್ತು ವರ್ಷದ ಅನುಭವ ಇತ್ತು, ನೆಬಾಷ್ ಇತ್ತು. ಎಡಿಐಎಸ್ ಇಲ್ಲದ್ದಕ್ಕೆ ಕೆಲಸ ಸಿಗಲಿಲ್ಲ. ಒಬ್ಬ ನಲವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಓದಲು ಕೂತ.

'ಓಶಾ 30 ಗಂಟೆ ಸರ್ಟಿಫಿಕೇಟ್' ಅಂತಲೂ ಮಾರುತ್ತಾರೆ. ಅದು ಅಮೆರಿಕದ ಕಾರ್ಮಿಕ ಇಲಾಖೆಯ ತಿಳಿವಳಿಕೆ ತರಬೇತಿ. ಮುಗಿಸಿದವರಿಗೆ ಒಂದು ಕಾರ್ಡ್ ಕೊಡುತ್ತಾರೆ. ಅದನ್ನು ವೃತ್ತಿಯ ಅರ್ಹತೆ ಅಂತ ಆ ಇಲಾಖೆಯೇ ಹೇಳುವುದಿಲ್ಲ. ತಿಳಿದುಕೊಳ್ಳೋಕೆ ಒಳ್ಳೆಯದು, ಅಷ್ಟೇ.

ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಗಂಟೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಅಂತ ನಿಯಮ ಇದೆ. ಆ ಮೂರು ಗಂಟೆಯಲ್ಲಿ ನಾನು ಕೆಲಸಗಾರರ ಜೊತೆ ಕೂತು ಮಾತಾಡುತ್ತೇನೆ. ಬಿಹಾರದವರು, ಬಾಂಗ್ಲಾದವರು, ನೇಪಾಳದವರು. ಯಾವ ಸ್ಕ್ಯಾಫೋಲ್ಡಿಂಗ್ ಅಲ್ಲಾಡುತ್ತದೆ, ಯಾವ ಫೋರ್‌ಮನ್ ಪರ್ಮಿಟ್ (ಕೆಲಸ ಶುರು ಮಾಡುವ ಅನುಮತಿ ಪತ್ರ) ಬರುವ ಮೊದಲೇ ಕೆಲಸ ಶುರು ಮಾಡಿಸುತ್ತಾನೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಯಾವ ಕೋರ್ಸಿನಲ್ಲೂ ಇದನ್ನು ಹೇಳಿಕೊಡಲಿಲ್ಲ.

ನೇರ ಮಾತು · ಸೋಮವಾರ ಸಂಜೆ 7:05

ಎಲ್ಲರೂ ಓದು ಓದು ಅನ್ನುತ್ತಿದ್ದೀರಿ. ನಾನು ಬೇಡ ಅನ್ನುತ್ತೇನೆ. ಸೇಫ್ಟಿ ಆಫೀಸರ್ ಕೈಯಲ್ಲಿ ಅಧಿಕಾರ ಇಲ್ಲ. ಪ್ರೊಡಕ್ಷನ್‌ನವರು ಮಾತು ಕೇಳಲ್ಲ, ಅಪಘಾತ ಆದರೆ ಬೆರಳು ಇವನ ಕಡೆ. ನಮ್ಮ ಕಾರ್ಖಾನೆಯಲ್ಲಿ ಐದು ವರ್ಷದಲ್ಲಿ ಮೂರು ಜನ ಬಿಟ್ಟು ಹೋದರು. ಸುಮ್ನೆ ಒಂದು ವರ್ಷ ಸಂಬಳ ಕಳೆದುಕೊಂಡು ಈ ಗೋಳು ಯಾಕೆ? ಮಗು ಬೇರೆ ಇದೆ. ಪ್ರೊಡಕ್ಷನ್‌ನಲ್ಲೇ ಮೇಲೆ ಹೋಗಿ.

ಬೈಕಂಪಾಡಿ ಹಳಬ · ಸೋಮವಾರ ರಾತ್ರಿ 8:40

ನೇರ ಮಾತು ಅವರೇ, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಆ ಮೂರು ಜನರ ಹಾಗೆ ನಾನೂ ಎರಡು ಸಲ ರಾಜೀನಾಮೆ ಬರೆದು ಇಟ್ಟುಕೊಂಡಿದ್ದೆ.

ಆದರೆ ಕಾನೂನು ಏನು ಹೇಳುತ್ತದೆ ನೋಡಿ. ಸೇಫ್ಟಿ ಆಫೀಸರನ ಕೆಲಸ ಆಡಳಿತಕ್ಕೆ ಸಲಹೆ ಕೊಡುವುದು, ನೆರವಾಗುವುದು. ಕಾರ್ಖಾನೆ ಸುರಕ್ಷಿತವಾಗಿ ಇರಬೇಕಾದ ಹೊಣೆ 'ಆಕ್ಯುಪೈಯರ್', ಅಂದರೆ ಕಾರ್ಖಾನೆಯ ಮೇಲೆ ಕೊನೆಯ ಹಿಡಿತ ಇರುವವರ ಮೇಲೆ. ಕಂಪನಿ ಆದರೆ ಡೈರೆಕ್ಟರುಗಳಲ್ಲಿ ಒಬ್ಬರು ಆಕ್ಯುಪೈಯರ್. 1984ರ ಭೋಪಾಲದ ನಂತರ, 1987ರಲ್ಲಿ ಕಾಯ್ದೆ ತಿದ್ದಿದಾಗ ಈ ಹೊಣೆಯನ್ನು ಗಟ್ಟಿ ಮಾಡಿದರು. ಅಪಾಯದ ಪ್ರಕ್ರಿಯೆಗಳಿಗೆ ಒಂದು ಇಡೀ ಅಧ್ಯಾಯ ಸೇರಿತು. ಸುರಕ್ಷತಾ ಸಮಿತಿಯಲ್ಲಿ ಕೆಲಸಗಾರರು ಆಡಳಿತದವರಷ್ಟೇ ಸಂಖ್ಯೆಯಲ್ಲಿ ಕೂರಬೇಕು ಅಂತ ಬಂದದ್ದೂ ಆಗಲೇ.

ನಮ್ಮವರು ಇದನ್ನು ಓದಿಕೊಂಡಿರುವುದಿಲ್ಲ. ಅದಕ್ಕೇ ಬಾಯಲ್ಲಿ ಹೇಳಿ ಬಿಟ್ಟುಬಿಡುತ್ತಾರೆ. ನಾನು ಪ್ರತಿ ಸಲಹೆಯನ್ನೂ ಬರೆದು ಕೊಡುತ್ತಿದ್ದೆ. ದಿನಾಂಕ, ಯಾವ ಮಷಿನ್, ಏನು ಕೊರತೆ, ಎಷ್ಟು ದಿನದಲ್ಲಿ ಆಗಬೇಕು. ಒಂದು ಪ್ರತಿ ಮೇಲಿನವರಿಗೆ, ಒಂದು ಸಮಿತಿಯ ಕಡತಕ್ಕೆ. ಮೊದಲ ವರ್ಷ ಎಲ್ಲರೂ ಮುಖ ಸಿಂಡರಿಸಿದರು. ಮೂರನೇ ವರ್ಷಕ್ಕೆ ಪ್ರೊಡಕ್ಷನ್ ಮ್ಯಾನೇಜರೇ ನನ್ನ ಕೋಣೆಗೆ ಬಂದು 'ಇದನ್ನು ನೀವು ಬರೆದು ಕೊಡಿ, ಆಗ ನನಗೆ ದುಡ್ಡು ಮಂಜೂರಾಗುತ್ತದೆ' ಅಂದರು. ಓದಿದ್ದರ ಉಪಯೋಗ ಅದು ಮಾರಾಯ್ರೇ. ಕಾಗದಕ್ಕೆ ತೂಕ ಬರುವುದು ಹಾಗೆ.

ಇಎಚ್‌ಎಸ್ ಅಕ್ಕ · ಸೋಮವಾರ ರಾತ್ರಿ 11:10

ಈಗಷ್ಟೇ ಶಿಫ್ಟ್ ಮುಗಿಸಿ ಬಂದೆ. ನಾನು ಕೆಮಿಸ್ಟ್ರಿ ಬಿ.ಎಸ್ಸಿ. ಐದು ವರ್ಷ ಲ್ಯಾಬ್ ಮತ್ತು ಪ್ರೊಡಕ್ಷನ್‌ನಲ್ಲಿ ದುಡಿದು ಆಮೇಲೆ ಒಂದು ವರ್ಷದ ಡಿಪ್ಲೊಮಾ ಮಾಡಿದೆ. ಈಗ ಕೋಲಾರ ಕಡೆ ಎಲೆಕ್ಟ್ರಾನಿಕ್ಸ್ ಜೋಡಣೆಯ ಕಾರ್ಖಾನೆಯಲ್ಲಿ ಇಎಚ್‌ಎಸ್, ಅಂದರೆ ಪರಿಸರ, ಆರೋಗ್ಯ, ಸುರಕ್ಷತೆಯ ಕೆಲಸ. ಸಾಲಿನಲ್ಲಿ ಕೂರುವವರಲ್ಲಿ ಹೆಚ್ಚಿನವರು ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗಿಯರು.

ಆ ಒಂದು ವರ್ಷದಲ್ಲಿ ಏನು ಕಲಿಸುತ್ತಾರೆ ಅಂತ ಯಾರೂ ಹೇಳಲಿಲ್ಲ, ಹಾಗಾಗಿ ಹೇಳುತ್ತೇನೆ. ಕಾನೂನು, ಯಂತ್ರಗಳ ಗಾರ್ಡಿಂಗ್ (ಕೈ ಸಿಗದಂತೆ ಹಾಕುವ ತಡೆ), ವಿದ್ಯುತ್, ಬೆಂಕಿ, ರಾಸಾಯನಿಕಗಳು, ಕಟ್ಟಡ ಕೆಲಸ, ಕೆಲಸದಿಂದ ಬರುವ ಕಾಯಿಲೆಗಳು. ಕೊನೆಗೆ ಒಂದು ಕಾರ್ಖಾನೆಗೆ ಹೋಗಿ ಪ್ರಾಜೆಕ್ಟ್. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅಳತೆ. ಶಬ್ದ ಅಳೆಯುವುದು, ಬೆಳಕು ಅಳೆಯುವುದು, ಗಾಳಿಯ ವೇಗ ಅಳೆಯುವುದು.

ಇಲ್ಲಿ ಸೇರಿದ ಮೊದಲ ತಿಂಗಳು ಸೋಲ್ಡರಿಂಗ್ ಸಾಲಿನ ಹುಡುಗಿಯರು ತಲೆನೋವು, ಗಂಟಲು ಕೆರೆತ ಅಂತ ಆರೋಗ್ಯ ಕೋಣೆಗೆ ಬರುತ್ತಿದ್ದರು. ಊಟ ಬಿಟ್ಟಿರುತ್ತಾರೆ, ನಿದ್ದೆ ಇರಲ್ಲ ಅಂತ ಸೂಪರ್‌ವೈಸರ್ ಹೇಳಿದರು. ಹೊಗೆ ಎಳೆಯುವ ಪೈಪು ಪ್ರತಿ ಮೇಜಿಗೂ ಇತ್ತು. ನೋಡೋಕೆ ಎಲ್ಲ ಸರಿ. ನಾನು ಗಾಳಿಯ ವೇಗ ಅಳೆದೆ. ಪೈಪಿನ ಬಾಯಿಯನ್ನು ಕೆಲಸಕ್ಕೆ ಅಡ್ಡ ಆಗುತ್ತದೆ ಅಂತ ಹಿಂದಕ್ಕೆ ಸರಿಸಿದ್ದರು. ಬಾಯಿ ಎರಡು ಪಟ್ಟು ದೂರ ಹೋದರೆ ಎಳೆತ ಅರ್ಧ ಆಗಲ್ಲ, ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಊದುಬತ್ತಿ ಹಚ್ಚಿ ತೋರಿಸಿದೆ. ಹೊಗೆ ಪೈಪಿಗೆ ಹೋಗದೆ ನೇರ ಹುಡುಗಿಯ ಮೂಗಿನ ಕಡೆ ಬಂತು. ಎಲ್ಲರೂ ನಿಂತು ನೋಡಿದರು. ಎರಡು ವಾರದಲ್ಲಿ ಬಾಗುವ ಪೈಪು ಹಾಕಿ ಹತ್ತಿರ ತಂದರು. ದೂರು ನಿಂತಿತು. ಮಾಸ್ಕ್ ಕೊಟ್ಟು ಕೈ ತೊಳೆದುಕೊಳ್ಳುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ಆ ಒಂದು ವರ್ಷದ ಓದು. ಅಪಾಯವನ್ನು ಮೂಲದಲ್ಲೇ ತೆಗೆಯಲು ನೋಡು, ಆಗದಿದ್ದರೆ ಕಡಿಮೆ ಅಪಾಯದ್ದು ತಾ, ಆಮೇಲೆ ಯಂತ್ರವನ್ನು ತಿದ್ದು, ಆಮೇಲೆ ಕೆಲಸದ ಕ್ರಮ, ಕಟ್ಟಕಡೆಗೆ ಮಾಸ್ಕು ಗ್ಲೌಸು. ನಮ್ಮಲ್ಲಿ ಕೊನೆಯದರಿಂದ ಶುರು ಮಾಡುತ್ತಾರೆ.

ಇನ್ನೊಂದು, ಲೆಕ್ಕ. ಅಪಘಾತಗಳ ಫ್ರೀಕ್ವೆನ್ಸಿ ರೇಟ್ ಅಂತ ಇದೆ. ಹತ್ತು ಲಕ್ಷ ಗಂಟೆ ಕೆಲಸಕ್ಕೆ ಎಷ್ಟು ಅಪಘಾತ ಅಂತ. 400 ಜನ, ದಿನಕ್ಕೆ 8 ಗಂಟೆ, 300 ದಿನ ಅಂದರೆ 9.6 ಲಕ್ಷ ಗಂಟೆ. ಕೆಲಸಕ್ಕೆ ಬರಲಾಗದಂಥ ಅಪಘಾತ ಮೂರು ಆದರೆ ರೇಟ್ 3.125. ಕಲಿಯೋಕೆ ಹತ್ತು ನಿಮಿಷ ಸಾಕು. ಕಷ್ಟ ಎಲ್ಲಿ ಅಂದರೆ, ಹಿಂದೆ ನಾನು ಇದ್ದ ಒಂದು ಕಡೆ ಕೈಗೆ ಬ್ಯಾಂಡೇಜ್ ಕಟ್ಟಿಕೊಂಡವನನ್ನು ಕಾರಿನಲ್ಲಿ ಕರೆತಂದು ಆಫೀಸಿನಲ್ಲಿ ಕೂರಿಸುತ್ತಿದ್ದರು. ರಜೆ ಹಾಕಲಿಲ್ಲ, ಹಾಗಾಗಿ ಲೆಕ್ಕಕ್ಕೆ ಬರಲಿಲ್ಲ. ಗೇಟಿನ ಬೋರ್ಡಿನಲ್ಲಿ 'ಅಪಘಾತ ಸೊನ್ನೆ'. ನಾನು ಆ ಅಂಕಿಗೆ ಸಹಿ ಹಾಕಲಿಲ್ಲ. ಕೆಲಸ ಬಿಟ್ಟೆ. ಪ್ರೆಸ್‌ಶಾಪ್ ಅಣ್ಣ, ನೀವು ಸಹಿ ಹಾಕಿದ್ದೇನೆ ಅಂತ ಬರೆದಿದ್ದು ಓದಿದಾಗ ನನಗೆ ಆ ದಿನ ನೆನಪಾಯಿತು. ನನಗೆ ಓದಿನ ಬಲ ಇತ್ತು, ಬೇರೆ ಕಡೆ ಕೆಲಸ ಸಿಗುತ್ತದೆ ಅಂತ ಧೈರ್ಯ ಇತ್ತು. ನಿಮಗೆ ಆಗ ಅದು ಇರಲಿಲ್ಲ. ಅಷ್ಟೇ ವ್ಯತ್ಯಾಸ.

ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಬಹುದಾ ಅಂತ ಕೇಳುವವರಿಗೆ: ಖಂಡಿತ ಬನ್ನಿ. ಆ ಹುಡುಗಿಯರು ಬೆನ್ನುನೋವು, ಮುಟ್ಟಿನ ಸಮಯದ ಕಷ್ಟ, ರಾತ್ರಿ ಬಸ್ಸಿನ ಭಯ ಎಲ್ಲವನ್ನೂ ನನ್ನ ಹತ್ತಿರ ಹೇಳುತ್ತಾರೆ. ನನಗಿಂತ ಮೊದಲು ಇದ್ದವರ ಕಡತದಲ್ಲಿ ಇದು ಒಂದೂ ಇರಲಿಲ್ಲ.

ನೇರ ಮಾತು · ಮಂಗಳವಾರ ಬೆಳಿಗ್ಗೆ 7:30

ಅಕ್ಕ, ಊದುಬತ್ತಿ ವಿಷಯ ಓದಿದೆ. ನಮ್ಮ ವೆಲ್ಡಿಂಗ್ ಶೆಡ್‌ನಲ್ಲಿ ಇವತ್ತು ನಾನೂ ಹಚ್ಚಿ ನೋಡಲಾ?

ಇಎಚ್‌ಎಸ್ ಅಕ್ಕ · ಮಂಗಳವಾರ ಬೆಳಿಗ್ಗೆ 7:52

ನೋಡಿ. ಆದರೆ ಥಿನ್ನರ್, ಪೇಂಟ್, ಗ್ಯಾಸ್ ಸಿಲಿಂಡರ್ ಹತ್ತಿರ ಬೇಡ. ಬೆಂಕಿ ಹಚ್ಚಲು ಅಲ್ಲಿ ಅನುಮತಿ ಇದೆಯಾ ಅಂತ ಮೊದಲು ಕೇಳಿ.

ಕೃಷ್ಣೆ ದಂಡೆಯವ · ಮಂಗಳವಾರ ಮಧ್ಯಾಹ್ನ 2:15

ಅಣ್ಣಾವ್ರಿಗೆ ಅಕ್ಕಾವ್ರಿಗೆ ನಮಸ್ಕಾರ್ರಿ. ನಾನು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಐಟಿಐ ಓದಿದ್ದೇನೆ. ಆಫೀಸರ್ ಆಗುವ ವಿಷಯ ನನಗೆ ಗೊತ್ತಿಲ್ಲ. ಕೆಳಗೆ ನಿಂತವನಾಗಿ ಒಂದು ಮಾತು ಹೇಳಬೇಕು.

ಏಳು ವರ್ಷದ ಹಿಂದೆ, ಆಗ ಬೇರೆ ಕಡೆ ಗುತ್ತಿಗೆ ಕೆಲಸದಲ್ಲಿದ್ದೆ. ಹೊಲಸು ನೀರಿನ ಗುಂಡಿಯ ಪಂಪು ಕಟ್ಟಿಕೊಂಡಿತ್ತು. ಒಬ್ಬ ಇಳಿದ. ಮೇಲಿನಿಂದ ಕೂಗಿದರೆ ಮಾತಿಲ್ಲ. ಅವನ ತಮ್ಮ 'ಅಣ್ಣಾ' ಅಂತ ಇಳಿದ. ಅವನೂ ಬಿದ್ದ. ಮೂರನೆಯವನು ನಾನು, ಏಣಿಯ ಮೇಲೆ ಒಂದು ಕಾಲು ಇಟ್ಟಿದ್ದೆ. ಒಬ್ಬ ಹಿರಿಯ ಫಿಟ್ಟರ್ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದು ಕೆಡವಿದ. ಅವನಿಗೆ ಗೊತ್ತಿತ್ತು. ಅಣ್ಣ ತಮ್ಮ ಇಬ್ಬರೂ ಉಳಿಯಲಿಲ್ಲ.

ಆ ಗುಂಡಿಯ ಮೇಲೆ ಬೋರ್ಡ್ ಇತ್ತು. ಇಂಗ್ಲಿಷಿನಲ್ಲಿ.

ಆಮೇಲೆ ಈಗಿನ ಕಾರ್ಖಾನೆಯಲ್ಲಿ ನನಗೆ ಮೂರು ದಿನ ತರಬೇತಿ ಕೊಟ್ಟರು. ಗಾಳಿಯಲ್ಲಿ ಆಕ್ಸಿಜನ್ ಶೇಕಡಾ 20.9 ಇರಬೇಕು, 19.5ಕ್ಕಿಂತ ಕೆಳಗಿದ್ದರೆ ಇಳಿಯಬಾರದು. ಮೊದಲು ಆಕ್ಸಿಜನ್ ನೋಡು, ಆಮೇಲೆ ಉರಿಯುವ ಗ್ಯಾಸ್, ಆಮೇಲೆ ವಿಷದ ಗ್ಯಾಸ್. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ಮೀಟರ್ ಇಳಿಸಿ ನೋಡು. ಕೊಳೆತ ಮೊಟ್ಟೆಯ ವಾಸನೆ ಬರುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಅದು ಜಾಸ್ತಿ ಆದರೆ ಮೂಗು ಸತ್ತು ವಾಸನೆಯೇ ಗೊತ್ತಾಗುವುದಿಲ್ಲ. 'ವಾಸನೆ ಹೋಯಿತು, ಈಗ ಇಳಿ' ಅಂತ ನಮ್ಮ ಕಡೆ ಹೇಳುತ್ತಿದ್ದರು. ಎಂಥಾ ಮಾತು ನೋಡ್ರಿ ಅದು.

ಇದನ್ನೆಲ್ಲ ನನಗೆ ಕನ್ನಡದಲ್ಲಿ ಹೇಳಿದ್ದು ಒಬ್ಬ ಸೇಫ್ಟಿ ಆಫೀಸರ್. ಗುಂಡಿಯ ಹತ್ತಿರವೇ ಕೂರಿಸಿಕೊಂಡು, ನಮ್ಮ ಕೈಯಲ್ಲೇ ಮೀಟರ್ ಕೊಟ್ಟು ಹೇಳಿದರು. ನಿಮ್ಮ ಡಿಪ್ಲೊಮಾದ ಪುಸ್ತಕಗಳು ಇಂಗ್ಲಿಷಿನಲ್ಲಿ ಇರುತ್ತವೆ. ನೀವು ಓದಿಕೊಂಡು ಬಂದು ನಮಗೆ ನಮ್ಮ ಮಾತಿನಲ್ಲಿ ಹೇಳ್ರಿ. ಈಗ ಕಬ್ಬಿನ ಸೀಜನ್ನಿಗೆ ಹೊರ ರಾಜ್ಯದವರೂ ಬರುತ್ತಾರೆ, ಸ್ವಲ್ಪ ಹಿಂದಿಯೂ ಕಲಿತುಕೊಳ್ರಿ.

ಬೈಕಂಪಾಡಿ ಹಳಬ · ಮಂಗಳವಾರ ಮಧ್ಯಾಹ್ನ 3:02

ಕೃಷ್ಣೆ ದಂಡೆಯವರೇ, ಎಡಿಐಎಸ್ ಕ್ಲಾಸಿನಲ್ಲಿ ಪಾಠ ಮಾಡಲು ನಿಮ್ಮಂಥವರನ್ನು ಕರೆಯಬೇಕು. ನಿಜವಾಗಿ ಹೇಳುತ್ತಿದ್ದೇನೆ.

ಕಾರ್ಖಾನೆ ಡಾಕ್ಟರ್ · ಮಂಗಳವಾರ ರಾತ್ರಿ 9:25

ಇಷ್ಟು ಹೊತ್ತು ಸುರಕ್ಷತೆಯ ಮಾತಾಯಿತು, ಆರೋಗ್ಯದ್ದೂ ಸ್ವಲ್ಪ ಆಗಲಿ. ಎಂ.ಬಿ.ಬಿ.ಎಸ್ ಆದವರಿಗೆ ಈ ರಂಗದಲ್ಲಿ ಮೂರು ತಿಂಗಳ ಕೋರ್ಸ್ ಇದೆ, ಎಎಫ್‌ಐಎಚ್ ಅನ್ನುತ್ತಾರೆ. ಅದನ್ನು ಮಾಡಿದವರು ಕಾರ್ಖಾನೆ ವೈದ್ಯರಾಗಬಹುದು. ನಾನು ಮಾಡಿದ್ದು ಅದೇ.

ಬೆರಳು ಹೋದರೆ ಎಲ್ಲರಿಗೂ ಕಾಣುತ್ತದೆ. ಕಿವಿ ಹೋದರೆ, ಶ್ವಾಸಕೋಶ ಹೋದರೆ ಕಾಣುವುದಿಲ್ಲ. ಬೆಳಗಾವಿ ಕಡೆಯ ಲೋಹ ಎರಕ ಹೊಯ್ಯುವ ಫೌಂಡ್ರಿಗಳಲ್ಲಿ ಮರಳಿನ ಅಚ್ಚು ಒಡೆಯುವವರು, ಕಲ್ಲು ಕ್ವಾರಿಯವರು ಉಸಿರಾಡುವ ಸಿಲಿಕಾ ಧೂಳು ಹತ್ತು ಇಪ್ಪತ್ತು ವರ್ಷದ ನಂತರ ಲೆಕ್ಕ ಕೇಳುತ್ತದೆ. ಕೋಲಾರದ ಚಿನ್ನದ ಗಣಿಯ ಹಳೆಯ ಮನೆಗಳಲ್ಲಿ ಈ ಕಾಯಿಲೆಯನ್ನು ಅಜ್ಜಂದಿರ ಕಾಲದಿಂದ ಕಂಡಿದ್ದಾರೆ. ಗಣಿ 2001ರಲ್ಲಿ ಮುಚ್ಚಿತು, ಒಳಗೆ ಹೋದ ಧೂಳು ಮಾತ್ರ ಎದೆಯಲ್ಲೇ ಉಳಿಯಿತು. ಎಷ್ಟೋ ಕಡೆ ಅದನ್ನು ಕ್ಷಯ ಅಂದುಕೊಂಡು ಮಾತ್ರೆ ಕೊಡುತ್ತಾರೆ. 'ಏನು ಕೆಲಸ ಮಾಡುತ್ತಿದ್ದಿರಿ?' ಅಂತ ಒಂದು ಪ್ರಶ್ನೆ ಕೇಳಿದ್ದರೆ ಗೊತ್ತಾಗುತ್ತಿತ್ತು. ಕಾರ್ಖಾನೆಗಳ ಕಾಯ್ದೆಯ ಮೂರನೇ ಪಟ್ಟಿಯಲ್ಲಿ 29 ಕಾಯಿಲೆಗಳನ್ನು ವರದಿ ಮಾಡಲೇಬೇಕು ಅಂತ ಇತ್ತು. ಈ ಧೂಳಿನ ಕಾಯಿಲೆ, ಸಿಲಿಕೋಸಿಸ್, ಅದರಲ್ಲೊಂದು.

ಪ್ರೆಸ್‌ಶಾಪ್ ಅವರೇ, ನಿಮ್ಮ ಶಾಪಿನಲ್ಲಿ ಶಬ್ದ ಎಷ್ಟು? ಒಂದು ತೋಳಿನ ದೂರದಲ್ಲಿ ನಿಂತವನ ಜೊತೆ ಕೂಗಿ ಮಾತಾಡಬೇಕು ಅಂದರೆ ಸುಮಾರು 85 ಡೆಸಿಬಲ್ ದಾಟಿದೆ ಅಂತಲೇ. ನೀವು ಒಂಬತ್ತು ವರ್ಷ ಅಲ್ಲಿದ್ದೀರಿ. ಕೋರ್ಸಿಗೆ ಹೋಗುವ ಮೊದಲು ಒಂದು ಸಲ ಕಿವಿ ಪರೀಕ್ಷೆ ಮಾಡಿಸಿ.

ಪ್ರೆಸ್‌ಶಾಪ್ ಹುಡುಗ · ಬುಧವಾರ ರಾತ್ರಿ 10:05

ಇಷ್ಟು ಜನ ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಹೆಂಡತಿಗೂ ಎಲ್ಲ ಓದಿ ಹೇಳಿದೆ. ಗುಂಡಿಯ ಕತೆ ಕೇಳಿ ಅವಳು ಎದ್ದು ಒಳಗೆ ಹೋದಳು.

ಹಳಬ ಸರ್, ಪತ್ರ ನೋಡಿದೆ. ನೀವು ಹೇಳಿದ ಹಾಗೇ ಆಗಿದೆ. ಆರು ವರ್ಷದಿಂದ ಸೂಪರ್‌ವೈಸರ್ ಕೆಲಸ ಮಾಡುತ್ತಿದ್ದೇನೆ. ಕಾಗದದಲ್ಲಿ ನಾಲ್ಕು ವರ್ಷದ್ದು ಮಾತ್ರ ಇದೆ. ಅದಕ್ಕಿಂತ ಮೊದಲಿನ ಎರಡು ವರ್ಷ 'ಸೀನಿಯರ್ ಆಪರೇಟರ್' ಅಂತಿದೆ. ಶಿಫ್ಟ್ ರಿಜಿಸ್ಟರಿನಲ್ಲಿ ಮಾತ್ರ ಸೂಪರ್‌ವೈಸರ್ ಜಾಗದಲ್ಲಿ ನನ್ನ ಸಹಿ ಇದೆ. ಏನು ಮಾಡಲಿ? ಇನ್ನೊಂದು ಕೇಳಬೇಕು. ಸೇರುವವರೆಗೂ ಇಲ್ಲೇ ಇದ್ದುಕೊಂಡು ಏನು ಕಲಿಯಬಹುದು?

ಬೈಕಂಪಾಡಿ ಹಳಬ · ಬುಧವಾರ ರಾತ್ರಿ 11:00

ಆ ರಿಜಿಸ್ಟರಿನ ಪ್ರತಿ ತೆಗೆದುಕೊಂಡು ಎಚ್‌ಆರ್‌ಗೆ ಬರೆದು ಕೊಡು. 'ಈ ದಿನಾಂಕದಿಂದ ಸೂಪರ್‌ವೈಸರ್ ಕೆಲಸ ನಿರ್ವಹಿಸಿದ್ದಾರೆ' ಅಂತ ಒಂದು ಸಾಲು ಸಾಕು. ಜಗಳ ಬೇಡ, ಕೇಳು. ಕೊಡದಿದ್ದರೆ ಇನ್ನೊಂದು ವರ್ಷ ಅಲ್ಲೇ ದುಡಿದು ಐದು ಪೂರ್ತಿ ಮಾಡಿಕೊಂಡರಾಯಿತು. ಆ ವರ್ಷದ ಸಂಬಳದಲ್ಲಿ ಸ್ವಲ್ಪ ಉಳಿಸಿಯೂ ಇಡಬಹುದು.

ಇದ್ದುಕೊಂಡೇ ಕಲಿಯುವುದು ಬೇಕಾದಷ್ಟಿದೆ. ರಾಷ್ಟ್ರೀಯ ಸುರಕ್ಷತಾ ಮಂಡಳಿ 1966ರ ಮಾರ್ಚ್ 4ರಂದು ಶುರುವಾದದ್ದು, ಪ್ರತಿ ವರ್ಷ ಸುರಕ್ಷತಾ ದಿನ ಮಾಡುವುದು ಅದಕ್ಕೇ. ಬೆಂಗಳೂರಿನಲ್ಲಿ ಅದರ ಕರ್ನಾಟಕ ಶಾಖೆ ಇದೆ. ಚಿಕ್ಕ ಚಿಕ್ಕ ತರಬೇತಿ ನಡೆಸುತ್ತಾರೆ. ಕಂಪನಿಯಿಂದಲೇ ಕಳಿಸಲು ಕೇಳು. ಸುರಕ್ಷತಾ ಸಮಿತಿಯಲ್ಲಿ ಒಂದು ಜಾಗ ಕೇಳು. ಐಎಸ್‌ಒ 45001 (ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಅಂತಾರಾಷ್ಟ್ರೀಯ ಮಾನದಂಡ) ಕಂಪನಿಗೆ ಇದ್ದರೆ ಒಳಗಿನ ಆಡಿಟರ್ ತರಬೇತಿಗೆ ಹೆಸರು ಕೊಡು.

ಎಲ್ಲಕ್ಕಿಂತ ಮೊದಲು ಒಂದು ಮನೆಪಾಠ ಕೊಡುತ್ತೇನೆ. ಆ ಬೆರಳು ಹೋದ ಅಪಘಾತದ ವರದಿಯನ್ನು ಮತ್ತೆ ಬರಿ. ಯಾರಿಗೂ ಕೊಡಬೇಡ, ನಿನಗೆ. 'ನಿರ್ಲಕ್ಷ್ಯ' ಅನ್ನುವ ಪದ ಒಮ್ಮೆಯೂ ಬರಬಾರದು. ಕೈ ಯಾಕೆ ಒಳಗೆ ಹೋಯಿತು? ಕರ್ಟನ್ ಯಾಕೆ ಬೈಪಾಸ್ ಆಗಿತ್ತು? ಬೈಪಾಸ್ ಕೀ ಯಾರ ಹತ್ತಿರ ಇತ್ತು? ಅವರಿಗೆ ಅದು ಯಾಕೆ ಬೇಕಾಯಿತು? ಹಾಗೆ ಕೇಳುತ್ತಾ ಹೋಗು. ಉತ್ತರ ಮನುಷ್ಯನಲ್ಲಿ ನಿಂತರೆ ಇನ್ನೊಂದು 'ಯಾಕೆ' ಹಾಕು. ಯಂತ್ರ, ಕ್ರಮ ಅಥವಾ ಮೇಲಿನವರ ತೀರ್ಮಾನಕ್ಕೆ ತಲುಪುವವರೆಗೆ ಬಿಡಬೇಡ.

ಪ್ರೆಸ್‌ಶಾಪ್ ಹುಡುಗ · ಹತ್ತು ದಿನದ ನಂತರ, ಶನಿವಾರ ಸಂಜೆ 6:40

ಸರ್, ಬರೆದೆ. ನಾಲ್ಕು ಪುಟ ಆಯಿತು.

ಕೈ ಒಳಗೆ ಹೋದದ್ದು ಸಿಕ್ಕಿಕೊಂಡ ಸ್ಕ್ರ್ಯಾಪ್ ತೆಗೆಯೋಕೆ. ಬಿಡಿಭಾಗದ ಅಂಚಿನ ತುಂಡು ಚ್ಯೂಟಿಗೆ, ಅಂದರೆ ಕೆಳಗೆ ಜಾರುವ ತಗಡಿನ ದಾರಿಗೆ, ಜಾರದೆ ಡೈ (ಅಚ್ಚು) ಮೇಲೇ ನಿಲ್ಲುತ್ತಿತ್ತು. ಸ್ಕ್ರ್ಯಾಪ್ ಚಿಮ್ಮಿ ಕರ್ಟನ್‌ಗೆ ಅಡ್ಡ ಬಂದಾಗಲೆಲ್ಲ ಪ್ರೆಸ್ ನಿಲ್ಲುತ್ತಿತ್ತು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಬೋರ್ಡ್ ಪಕ್ಕದಲ್ಲೇ. ಅದಕ್ಕೇ ಬೈಪಾಸ್. ಕೀ ಮೇಂಟೆನೆನ್ಸ್‌ನವರ ಹತ್ತಿರ ಇರಬೇಕಿತ್ತು. ಪ್ಯಾನೆಲ್ಲಿನಲ್ಲೇ ನೇತಾಡುತ್ತಿತ್ತು, ನನಗೆ ತಿಂಗಳುಗಟ್ಟಲೆಯಿಂದ ಗೊತ್ತಿತ್ತು. ಚ್ಯೂಟಿನ ಕೋನ ಬದಲಿಸಲು, ಡೈ ಮಾಡಿ ತಿದ್ದುವ ಟೂಲ್ ರೂಮ್‌ಗೆ ಎರಡು ಸಲ ಹೇಳಿದ್ದೆ. ಬಾಯಲ್ಲಿ. ಬರೆದು ಕೊಟ್ಟಿರಲಿಲ್ಲ.

ಯಾರಿಗೂ ಕೊಡಬೇಡ ಅಂದಿದ್ದಿರಿ. ಆದರೆ ಮೂರನೇ ಪುಟವನ್ನು, ಚ್ಯೂಟಿನದ್ದು, ಚಿತ್ರ ಬರೆದು ಪ್ಲಾಂಟ್ ಹೆಡ್‌ಗೆ ಕೊಟ್ಟೆ. ಗುರುವಾರ ಟೂಲ್ ರೂಮ್‌ನವರು ಬಂದು ಅಳತೆ ತೆಗೆದುಕೊಂಡು ಹೋದರು. ಕೀ ಈಗ ಪ್ಯಾನೆಲ್ಲಿನಲ್ಲಿ ಇಲ್ಲ. ಎಚ್‌ಆರ್ ಪತ್ರಕ್ಕೆ ಸಹಿ ಸಿಕ್ಕಿತು, ಎರಡು ವರ್ಷವೂ ಸೇರಿದೆ. ಇಲಾಖೆಗೆ ಪತ್ರ ಕಳಿಸಿದ್ದೇನೆ. ಕಿವಿ ಪರೀಕ್ಷೆಯೂ ಆಯಿತು ಡಾಕ್ಟರ್, ಬಲಗಿವಿ ಸ್ವಲ್ಪ ಮಂದ ಅಂತ ಬಂದಿದೆ. ಚೆನ್ನೈನ ಮುಂದಿನ ಬ್ಯಾಚಿಗೆ ಅರ್ಜಿ ಹಾಕುತ್ತೇನೆ. ಹೆಂಡತಿ ಮಗಳನ್ನು ಕರೆದುಕೊಂಡು ಒಂದು ವರ್ಷ ಅರಸೀಕೆರೆಯಲ್ಲಿ ಇರುತ್ತೇನೆ ಅಂದಿದ್ದಾಳೆ.

ಆ ನಾಲ್ಕು ಪುಟವನ್ನು ಸ್ಟೋರ್ಸ್‌ನ ಹುಡುಗನಿಗೂ ತೋರಿಸಿದೆ. ಎಡಗೈಯಲ್ಲಿ ಹಿಡಿದು ನಿಧಾನ ಓದಿದ. ಎರಡನೇ ಪುಟದಲ್ಲಿ ನಾನು ಬರೆದ ಸಮಯ ತಪ್ಪು ಅಂದ. ಅದು ಟೀ ಬ್ರೇಕ್ ಆದ ಮೇಲೆ ಅಲ್ಲ, ಮೊದಲು ಅಂತ. ತಿದ್ದಿದೆ.

ಇಎಚ್‌ಎಸ್ ಅಕ್ಕ · ಶನಿವಾರ ರಾತ್ರಿ 8:15

ಅಣ್ಣ, ನನ್ನ ಹತ್ತಿರ ಡಿಪ್ಲೊಮಾದ ನೋಟ್ಸ್ ಪೂರ್ತಿ ಇದೆ. ಲೆಕ್ಕದ ಭಾಗವನ್ನು ಕನ್ನಡದಲ್ಲಿ ಬಿಡಿಸಿ ಬರೆದಿಟ್ಟಿದ್ದೇನೆ. ಬೇಕಾದರೆ ಇಲ್ಲೇ ಹಾಕುತ್ತೇನೆ, ಎಲ್ಲರಿಗೂ ಆಗುತ್ತದೆ.

ಕಂಬಿ ಕೆಲಸದವ · ಶನಿವಾರ ರಾತ್ರಿ 8:17

ಹಾಕಿ ಅಕ್ಕ. ನನಗೂ ಬೇಕು.